ಇದ್ರಲ್ಲಿ ಬಾಬಾಸಾಹೇಬರು ಎಲ್ಲವ್ರೆ?

ಹೋದ ವಾರ ನಮ್ಮ ಯಲಹಂಕದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಕ್ವಿಜ್ ಹಾಕಿದ್ರು. ‘ಮಾಡರ್ನ್ ಆರ್ಟ್ ನಿಮಗೆಷ್ಟು ಗೊತ್ತು?’ ಅಂತ. ಹತ್ತು ಪ್ರಶ್ನೆ. ಚಿತ್ರ ತೋರಿಸ್ತಾರೆ, ಕೆಳಗೆ ನಾಲ್ಕು ಹೆಸರು, ಒಂದನ್ನ ಒತ್ತಬೇಕು. ಕಪ್ಪು ಗೆರೆ ಎಳೆದು ಚೌಕ ಚೌಕವಾಗಿ ಕೆಂಪು, ಹಳದಿ, ನೀಲಿ ತುಂಬಿದವನು ಯಾರು? ಇದು ದೊಡ್ಡ ಕಲಾವಿದ ಬರೆದದ್ದೋ, ನಾಲ್ಕು ವರ್ಷದ ಮಗು ಗೀಚಿದ್ದೋ? ಇಂಥವು. ನನಗೆ ಬಂದದ್ದು ಹತ್ತಕ್ಕೆ ನಾಲ್ಕು. ಅದರಲ್ಲೂ ಎರಡು ಕಣ್ಣು ಮುಚ್ಚಿ ಒತ್ತಿದ್ದು.

ಗುಂಪಿನಲ್ಲಿ ಎಲ್ಲರೂ ನಕ್ಕರು. ಒಬ್ಬರಿಗೆ ಎರಡು, ಒಬ್ಬರಿಗೆ ಸೊನ್ನೆ. "ಹೊಟ್ಟೆ ತುಂಬಿದೋರ ಆಟ ಬಿಡಿ ಅಣ್ಣ, ನಮಗ್ಯಾಕೆ" ಅಂತ ಒಬ್ಬರು ಬರೆದರು. ನಾನೂ ಒಂದು ನಗುವ ಮುಖ ಒತ್ತಿ ಸುಮ್ಮನಾಗ್ತಿದ್ದೆ. ಆದ್ರೆ ನನ್ನ ಅಕ್ಕನ ಮಗಳೂ ಅದೇ ಗುಂಪಲ್ಲಿದ್ದಾಳೆ. ಅವಳಿಗೆ ಹತ್ತಕ್ಕೆ ಒಂಬತ್ತು ಬಂದಿತ್ತು. ಅದನ್ನ ಹೇಳಿಕೊಳ್ಳದೆ ಒಂದೇ ಸಾಲು ಬರೆದಳು: "ಮಾವ, ಹೋದ ಏಪ್ರಿಲ್‌ನಲ್ಲಿ ನೀವೂ ನನಗೊಂದು ಟೆಸ್ಟ್ ಕೊಟ್ಟಿದ್ರಿ. ಅದರಲ್ಲಿ ನಾನು ಫೇಲು."

ವಿಷಯ ಏನಪ್ಪಾ ಅಂದ್ರೆ, ಏಪ್ರಿಲ್ 14ರ ಜಯಂತಿಗೆ ಪೋಸ್ಟರ್ ಮಾಡ್ಕೊಡು ಅಂತ ಅವಳಿಗೆ ಹೇಳಿದ್ವಿ. ಚೆನ್ನಾಗಿ ಬರೀತಾಳೆ. ಅವಳು ತಂದ ಹಾಳೆ ಪೂರ್ತಿ ನೀಲಿ. ಕೆಳಗಡೆ ಒಂದು ಅಡ್ಡ ಬಿಳಿ ಗೆರೆ. ಆ ಗೆರೆ ಒಂದು ಕಡೆ ಕಲಕಿದಂತೆ ಒಡೆದಿತ್ತು, ಅಷ್ಟೇ. "ಇದು ಮಹಾಡ್ ಕೆರೆ ಮಾವ. ಮೊದಲ ಬೊಗಸೆ ನೀರು ಎತ್ತಿಕೊಂಡ ಜಾಗ ಇದು" ಅಂದಳು. 1927ರ ಮಾರ್ಚ್ 20. ನಮ್ಮ ಸಮಿತಿಯ ಏಳೆಂಟು ಜನ ಹಾಳೆ ಸುತ್ತ ನಿಂತು ನೋಡಿದ್ವಿ. ನಾನೇ ಕೇಳಿದ್ದು: "ಚೆನ್ನಾಗೈತೆ ಕಣವ್ವ, ಆದ್ರೆ ಇದ್ರಲ್ಲಿ ಬಾಬಾಸಾಹೇಬರು ಎಲ್ಲವ್ರೆ?"

ಕೊನೆಗೆ ಪ್ರಿಂಟ್ ಆದದ್ದು ಪ್ರತಿವರ್ಷದ ಪೋಸ್ಟರೇ. ಕೋಟು, ಕನ್ನಡಕ, ಎತ್ತಿದ ಬೆರಳು, ಕೆಳಗೆ ಹನ್ನೊಂದು ಜನ ಮುಖಂಡರ ಫೋಟೋ. ನನ್ನದೂ ಇತ್ತು, ಎಡಗಡೆಯಿಂದ ಮೂರನೇದು.

ಅವಳ ಆ ಒಂದು ಸಾಲು ಚುಚ್ಚಿದ ಮೇಲೆ ಒಂದಷ್ಟು ಓದಿದೆ, ಒಂದಷ್ಟು ನೋಡಿದೆ. ಅದನ್ನ ಇಲ್ಲಿ ಬರೀತಿದೀನಿ. ಉದ್ದ ಇದೆ. ಪುರುಸೊತ್ತಾದಾಗ ಓದಿ.

ಈ ‘ಕಲೆಯೋ ಗೀಚೋ’ ಅನ್ನೋ ಪರೀಕ್ಷೆ ಫೋನ್ ಬಂದ ಮೇಲೆ ಹುಟ್ಟಿದ್ದಲ್ಲ, ನೂರು ವರ್ಷ ದಾಟಿದೆ. 1910ರಲ್ಲಿ ಪ್ಯಾರಿಸ್‌ನಲ್ಲಿ ಕೆಲವರು ಒಂದು ಕತ್ತೆಯ ಬಾಲಕ್ಕೆ ಕುಂಚ ಕಟ್ಟಿ, ಹಿಂದೆ ಕ್ಯಾನ್ವಾಸ್ ಹಿಡಿದು, ಬಂದ ಚಿತ್ರಕ್ಕೆ ‘ಬೊರೊನಾಲಿ’ ಅನ್ನೋ ಸುಳ್ಳು ಹೆಸರಿನ ಕಲಾವಿದನನ್ನು ಹುಟ್ಟಿಸಿ ಪ್ರದರ್ಶನಕ್ಕೆ ಇಟ್ಟರು. 1964ರಲ್ಲಿ ಸ್ವೀಡನ್ನಿನಲ್ಲಿ ಒಬ್ಬ ಪತ್ರಕರ್ತ ಪೀಟರ್ ಅನ್ನೋ ಚಿಂಪಾಂಜಿಯ ಕೈಲಿ ಬಣ್ಣ ಬಳಿಸಿ, ‘ಪಿಯರ್ ಬ್ರಾಸೊ’ ಎಂಬ ಫ್ರೆಂಚ್ ಕಲಾವಿದನ ಚಿತ್ರಗಳು ಅಂತ ಗ್ಯಾಲರಿಯಲ್ಲಿ ನೇತುಹಾಕಿದ. ಒಬ್ಬ ವಿಮರ್ಶಕ ಮೆಚ್ಚಿ ಬರೆದೂ ಬಿಟ್ಟ. ಇದರ ನಡುವೆ 1961ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಮಾತೀಸನ ‘ದೋಣಿ’ ಚಿತ್ರ 47 ದಿನ ತಲೆಕೆಳಗಾಗಿ ನೇತಾಡ್ತಿತ್ತು. ಲಕ್ಷಕ್ಕೂ ಹೆಚ್ಚು ಜನ ನೋಡಿಕೊಂಡು ಹೋದ ಮೇಲೆ ಒಬ್ಬ ಹೆಣ್ಣುಮಗಳು ಕಂಡುಹಿಡಿದು ಹೇಳಿದಳು.

ಈ ಕಥೆಗಳನ್ನ ಓದಿದಾಗ ನಗು ಬರುತ್ತೆ, ನನಗೂ ಬಂತು. ಆಮೇಲೆ ಯೋಚಿಸಿದರೆ, ಇಲ್ಲಿ ನಗುವವನೂ ನಗಿಸಿಕೊಳ್ಳುವವನೂ ಒಂದೇ ಬೀದಿಯವರು. ಪತ್ರಕರ್ತ, ವಿಮರ್ಶಕ, ಗ್ಯಾಲರಿ ಮಾಲೀಕ. ಅವರವರ ಜಗಳದಲ್ಲಿ ನಾವು ಹೋಗಿ ಚಪ್ಪಾಳೆ ತಟ್ಟಿ, ‘ನೋಡಿದ್ರಾ, ಅಮೂರ್ತ ಕಲೆ ಅಂದ್ರೆ ಬರೀ ಮೋಸ’ ಅಂತ ತೀರ್ಮಾನ ಮಾಡಿ ಬರ್ತೀವಿ.

ಮೋಸ ಅನ್ನೋದಕ್ಕೂ ಒಂದು ಪರೀಕ್ಷೆ ಆಗಿದೆ. 2011ರಲ್ಲಿ ಅಮೆರಿಕದ ಬಾಸ್ಟನ್ ಕಾಲೇಜಿನ ಏಂಜಲೀನಾ ಹಾಲಿ-ಡೋಲನ್ ಮತ್ತು ಎಲೆನ್ ವಿನರ್ ಅನ್ನೋ ಇಬ್ಬರು ಸಂಶೋಧಕಿಯರು ಮೂವತ್ತು ಜೋಡಿ ಚಿತ್ರ ಇಟ್ಟರು. ಪ್ರತಿ ಜೋಡಿಯಲ್ಲಿ ಒಂದು ಹೆಸರುವಾಸಿ ಅಮೂರ್ತ ಕಲಾವಿದರದ್ದು, ಇನ್ನೊಂದು ಮಗು, ಕೋತಿ, ಚಿಂಪಾಂಜಿ ಅಥವಾ ಆನೆ ಮಾಡಿದ್ದು. ಎರಡೂ ಮೇಲ್ನೋಟಕ್ಕೆ ಒಂದೇ ಥರ. ಕೆಲವು ಕಡೆ ಬೇಕಂತಲೇ ಹೆಸರಿನ ಚೀಟಿ ಅದಲು ಬದಲು ಮಾಡಿದ್ರು. ಆದರೂ ಜನ ಕಣ್ಣುಮುಚ್ಚಿ ಆರಿಸಿದರೆ ಎಷ್ಟು ಸರಿ ಬರುತ್ತೋ ಅದಕ್ಕಿಂತ ಹೆಚ್ಚು ಸಲ ಕಲಾವಿದರ ಕೆಲಸವನ್ನೇ ಆರಿಸಿದರು. ಗಮನಿಸಿ, ಕಲೆ ಓದದೇ ಇದ್ದ ವಿದ್ಯಾರ್ಥಿಗಳೂ ಹಾಗೇ ಆರಿಸಿದರು. ಅಂದ್ರೆ ಹೆಸರು ಗೊತ್ತಿಲ್ಲದಿದ್ದರೂ, ಹಿಂದೆ ಒಂದು ಮನಸ್ಸು ಕೆಲಸ ಮಾಡಿದೆ ಅನ್ನೋದು ಕಣ್ಣಿಗೆ ಎಷ್ಟೋ ಸಲ ಗೊತ್ತಾಗುತ್ತೆ.

ನಮ್ಮ ವಾಟ್ಸಾಪ್ ಕ್ವಿಜ್ ಕೇಳಿದ್ದು ಕಣ್ಣನ್ನಲ್ಲ, ಹೆಸರನ್ನ. ಹೆಸರು ಗೊತ್ತಾಗಬೇಕಾದರೆ ಮನೇಲಿ ಪುಸ್ತಕ ಇರಬೇಕು, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇರಬೇಕು, ಭಾನುವಾರ ಮ್ಯೂಸಿಯಂಗೆ ಕರ್ಕೊಂಡು ಹೋಗೋ ಅಪ್ಪ ಇರಬೇಕು. ನಮ್ಮ ಗೋಡೆ ಮೇಲೆ ಇದ್ದದ್ದು ಕಿರಾಣಿ ಅಂಗಡಿ ಕ್ಯಾಲೆಂಡರು. ನಾಗಪುರದಲ್ಲಿ ಹುಟ್ಟಿದ ವಿ.ಎಸ್. ಗಾಯ್ತೊಂಡೆ ಅನ್ನೋ ಅಮೂರ್ತ ಕಲಾವಿದರ ಒಂದು ಚಿತ್ರ 2013ರಲ್ಲಿ ಮುಂಬಯಿಯ ಹರಾಜಿನಲ್ಲಿ 23.7 ಕೋಟಿ ರೂಪಾಯಿಗೆ ಹೋಯ್ತು. ಆ ಸುದ್ದಿ ಓದಿದವರಿಗೆ ಅವರ ಹೆಸರು ಗೊತ್ತು. ಚಿತ್ರ ನೋಡಿದವರು ಎಷ್ಟು ಜನ ಅಂತ ಕೇಳಬೇಡಿ.

ಪರೀಕ್ಷೆ ಮಾಡೋರನ್ನೇ ಪರೀಕ್ಷೆಗೆ ಕೂರಿಸಿದ ಒಬ್ಬರು ನಮ್ಮ ಯಲಹಂಕದ ಇತಿಹಾಸದಲ್ಲೇ ಇದ್ದಾರೆ. ಬಿ. ಬಸವಲಿಂಗಪ್ಪ. ಯಲಹಂಕ ಮೀಸಲು ಕ್ಷೇತ್ರವಾಗಿದ್ದಾಗ ಇಲ್ಲಿಂದ ಗೆದ್ದು ವಿಧಾನಸಭೆಗೆ ಹೋದವರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದವರು. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದುಬಿಟ್ಟರು. ಬೂಸಾ ಅಂದ್ರೆ ಯಶವಂತಪುರ ಮಾರ್ಕೆಟ್ಟಿನಲ್ಲಿ ಮೂಟೆ ಲೆಕ್ಕದಲ್ಲಿ ಸಿಗುತ್ತಲ್ಲ, ಹಸುಗಳಿಗೆ ಹಾಕೋದು, ಅದೇ. ರಾಜ್ಯ ಹೊತ್ತಿಕೊಂಡಿತು. ಹಾಸ್ಟೆಲುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು. ಬಸವಲಿಂಗಪ್ಪ ಕುರ್ಚಿ ಬಿಡಬೇಕಾಯ್ತು. ಆ ಕಾವಿನಲ್ಲೇ 1974ರಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು.

ಇದು ನಿಮಗೆಲ್ಲ ಗೊತ್ತಿರೋ ಕಥೆ. ನಾನು ಹೇಳಬೇಕಿರೋದು ಅದರ ಮುಂದಿನದು. ಸಾಹಿತ್ಯದಲ್ಲಿ ನಾವು ಬೂಸಾ ಅಂದು ಎದ್ದು ಹೋಗಲಿಲ್ಲ. ಕೂತು ಬರೆದ್ವಿ. ಸಿದ್ಧಲಿಂಗಯ್ಯ ಬರೆದರು, ದೇವನೂರ ಬರೆದರು. ಹತ್ತು ವರ್ಷದಲ್ಲಿ ಕನ್ನಡದ ಅಳತೆಗೋಲೇ ಬದಲಾಯ್ತು. ಚಿತ್ರಕಲೆಯ ವಿಷಯದಲ್ಲಿ ಮಾತ್ರ ಬೂಸಾ ಅಂದ್ವಿ, ಎದ್ದು ಹೊರಟುಹೋದ್ವಿ. ಹಾಸನದ ಕೆ.ಟಿ. ಶಿವಪ್ರಸಾದ್ ಅಂಥವರು ದಲಿತ, ರೈತ ಚಳವಳಿಗಳ ಜೊತೆಗೇ ನಡೆದ ಕಲಾವಿದರು ಅನ್ನೋದು ನಿಜ. ನಾಗಪುರ ಮೂಲದ ಸವಿ ಸಾವರ್ಕರ್, ಕುತ್ತಿಗೆಗೆ ಉಗುಳುವ ಮಡಕೆ ಕಟ್ಟಿಕೊಂಡ ನಮ್ಮ ಹಿರೀಕರನ್ನ, ದೇವದಾಸಿಯರನ್ನ ಕ್ಯಾನ್ವಾಸಿಗೆ ತಂದಿದ್ದೂ ನಿಜ. ಅವೆಲ್ಲ ನಮಗೆ ಅರ್ಥವಾಗುತ್ತೆ, ಯಾಕಂದ್ರೆ ಅಲ್ಲಿ ಮುಖ ಇದೆ, ಮೈ ಇದೆ, ಗಾಯ ಇದೆ. ಮುಖ ಇಲ್ಲದ ಚಿತ್ರ ಬಂದರೆ ನಾವು ಕೇಳೋದು ನಾನು ಕೇಳಿದ ಪ್ರಶ್ನೆಯನ್ನೇ.

ಬೆಂಗಳೂರಿನ ಆಧುನಿಕ ಕಲೆಯ ಕಥೆ ಪೂರ್ತಿ ಅಗ್ರಹಾರದ ಕಥೆ ಅಂದುಕೊಂಡಿದ್ದೆ. ಅಲ್ಲ. ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಹೆಸರು ಕೊಟ್ಟ ಕೆ. ವೆಂಕಟಪ್ಪ, 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದವರು. ಗೊಂಬೆಗೆ, ಗೋಡೆಗೆ ಬಣ್ಣ ಹಚ್ಚಿ ಬದುಕೋ ಕುಲಕಸುಬಿನವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ಕಲಿತು ಬಂದರು. 2016ರ ಹೊತ್ತಿನಲ್ಲಿ ಆ ಗ್ಯಾಲರಿಯ ನಿರ್ವಹಣೆಯನ್ನ ಒಂದು ಖಾಸಗಿ ಪ್ರತಿಷ್ಠಾನಕ್ಕೆ ಕೊಡಲು ಸರ್ಕಾರ ಹೊರಟಾಗ ಊರಿನ ಕಲಾವಿದರು ಬೀದಿಗೆ ಬಂದು ತಡೆದರು. ನಾವು ಆ ಪ್ರತಿಭಟನೆಗೆ ಹೋಗಲಿಲ್ಲ. ಅದು ನಮ್ಮ ಜಾಗ ಅಂತ ಅನಿಸಲೇ ಇಲ್ಲ. ಸರ್ಕಾರಿ ಗ್ಯಾಲರಿ ಅಂದ್ರೆ ಕಡಿಮೆ ಬಾಡಿಗೆಗೆ ಬಡವರ ಮಕ್ಕಳೂ ತಮ್ಮ ಚಿತ್ರ ತೂಗುಹಾಕಬಹುದಾದ ಗೋಡೆ ಅನ್ನೋದು ಆಗ ತಲೆಗೆ ಹೊಳೀಲಿಲ್ಲ.

ಇನ್ನೊಬ್ಬರು ಆರ್.ಎಂ. ಹಡಪದ. ಬಾದಾಮಿಯವರು. ಹೆಸರು ಕೇಳಿದರೇ ಹಡಪದ ಅಪ್ಪಣ್ಣ ನೆನಪಾಗ್ತಾನೆ. 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ತೆರೆದರು. ಶೇಷಾದ್ರಿಪುರದ ಆ ಶಾಲೆ ದೊಡ್ಡ ಅನುದಾನದಿಂದ ನಡೆದದ್ದಲ್ಲ, ಒಬ್ಬ ಮನುಷ್ಯನ ಹಟದಿಂದ ನಡೆದದ್ದು. ಬಾದಾಮಿಯ ಜನರನ್ನ ಕಪ್ಪು ಕಪ್ಪಾಗಿ, ಬಣ್ಣ ಬಣ್ಣದ ರುಮಾಲು ಸುತ್ತಿ ಬರೆದ ಜೆ.ಎಂ.ಎಸ್. ಮಣಿ ಅಲ್ಲಿಯ ವಿದ್ಯಾರ್ಥಿ, ಆಮೇಲೆ ಅಲ್ಲೇ ಪ್ರಾಂಶುಪಾಲರು.

ಅದೇ ಕೆನ್ ಶಾಲೆಯಲ್ಲಿ ಕಲಿತವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಹೌದು, ದಸಂಸ ಹುಟ್ಟಿದ ಭದ್ರಾವತಿಯೇ. ಅವರನ್ನ ದಲಿತ ಕಲಾವಿದೆ ಅಂತ ನಾನೇನೂ ಕರೀತಿಲ್ಲ. ಅವರ ಕೆಲಸಗಳ ಫೋಟೋಗಳನ್ನ ನನ್ನ ಅಕ್ಕನ ಮಗಳು ತೋರಿಸಿದಾಗ ಮಾತ್ರ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಯಾಕೆ ಅಂತ ಹೇಳ್ತೀನಿ.

ಬಾಬ್ರಿ ಮಸೀದಿ ಬಿದ್ದು ಗಲಭೆಗಳಾದ ಕಾಲದಲ್ಲಿ ಅವರು ಎಣ್ಣೆಬಣ್ಣ ಪಕ್ಕಕ್ಕಿಟ್ಟು ಸಗಣಿ ಕೈಗೆತ್ತಿಕೊಂಡರು. ಹಸು ಪೂಜೆಗೆ ಯಾರು ಬೇಕಾದ್ರೂ ಬರ್ತಾರೆ, ಸಗಣಿ ಎತ್ತೋಕೆ ಯಾರು ಬರ್ತಾರೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಮೇಲಿನ ಒಂದು ಕೃತಿಯಲ್ಲಿ ನೂರಾರು ಮೀಟರ್ ದಾರವನ್ನ ಸೂಜಿಗಳ ಕಣ್ಣಿನಲ್ಲಿ ಎಳೆದು, ಕುಂಕುಮ ಅಂಟು ಮೆತ್ತಿ, ಹಗ್ಗ ಮಾಡಿ ಕೋಣೆ ತುಂಬ ಹರಿಯಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡ್ತವೆ. 2009ರಲ್ಲಿ ವೆನಿಸ್‌ನ ದೊಡ್ಡ ಪ್ರದರ್ಶನದಲ್ಲಿ ಇಟ್ಟದ್ದು ಮನುಷ್ಯರ ಕೂದಲಿನ ಹಗ್ಗ, ಸುಮಾರು 4000 ಮೀಟರ್, ಅದಕ್ಕೆ ತೂಗುಬಿಟ್ಟ ಕಾರಿನ ಬಂಪರುಗಳು. ದೇವಸ್ಥಾನದಲ್ಲಿ ಮುಡಿ ಕೊಡ್ತಾರಲ್ಲ, ಆ ಕೂದಲು. ಉದ್ದದ್ದು ವಿಗ್ಗಿಗೆ ಹೋಗುತ್ತೆ, ಉಳಿದ ತುಂಡು ಕೂದಲು ಹಗ್ಗವಾಗಿ ದೃಷ್ಟಿ ತಾಗದಿರಲಿ ಅಂತ ಲಾರಿ, ಕಾರುಗಳಿಗೆ ಬರುತ್ತೆ. ಬಳ್ಳಾರಿ ರಸ್ತೆಯಲ್ಲಿ ಹೋಗೋ ಗಾಡಿಗಳಲ್ಲಿ ಅಂಥ ಹಗ್ಗ ನೋಡಿ ಬೆಳೆದವರು ನಾವು. ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ನನ್ನನ್ನ ಹಿಡಿದದ್ದು ಇದಲ್ಲ, ಡಾಂಬರು ಡ್ರಮ್ಮು.

ನಮ್ಮಮ್ಮ ಹೆಬ್ಬಾಳದ ಮೇಲ್ಸೇತುವೆ ಬರೋಕೆ ಎಷ್ಟೋ ಮುಂಚೆ ಡಾಂಬರು ಗ್ಯಾಂಗಿನಲ್ಲಿ ಕೆಲಸ ಮಾಡಿದವಳು. ಜಲ್ಲಿ ಹರಡೋದು, ಡಾಂಬರಿಗೆ ಬೆಂಕಿ ಹಾಕೋದು. ಕಾಲಿಗೆ ಒದ್ದೆ ಗೋಣಿಚೀಲ ಸುತ್ತಿಕೊಂಡು, ಅದರ ಮೇಲೆ ಟೈರಿನ ಚಪ್ಪಲಿ. ಹೊರಗಿನಿಂದ ಬಂದ ಗ್ಯಾಂಗಿನವರು ರಸ್ತೆ ಪಕ್ಕದಲ್ಲೇ ಇರ್ತಿದ್ರು. ಖಾಲಿಯಾದ ಡ್ರಮ್ಮಿನ ಮೇಲು ಕೆಳಗು ಕತ್ತರಿಸಿ, ಉದ್ದಕ್ಕೆ ಸೀಳಿ, ಬಡಿದು ಚಪ್ಪಟೆ ಮಾಡಿದರೆ ಒಂದು ತಗಡು. ನಾಲ್ಕು ತಗಡು ಸೇರಿದರೆ ಒಂದು ಗೋಡೆ. ಒಳಗೆ ಕೂತರೆ ಮಧ್ಯಾಹ್ನ ಬೇಯುತ್ತೆ, ಮಳೆ ಬಂದರೆ ಕಿವಿ ಕಿವುಡಾಗುತ್ತೆ. ತಗಡಿನಲ್ಲಿ ಮೊಳೆ ತೂತು ಇರೋದರಿಂದ ಹಗಲು ಹೊತ್ತು ಒಳಗಿನ ಕತ್ತಲಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕಿ. ಅದನ್ನ ನಾನು ನೋಡಿದ್ದೇನೆ. ಅಮ್ಮನ ಜೊತೆಯವರ ಮಕ್ಕಳೊಂದಿಗೆ ಆಡೋಕೆ ಹೋಗ್ತಿದ್ದೆ.

ಶೀಲಾ ಗೌಡರ 2006ರ ಒಂದು ಕೃತಿಯ ಹೆಸರು ‘ಡಾರ್ಕ್‌ರೂಮ್’. ಡಾಂಬರು ಡ್ರಮ್ಮುಗಳನ್ನ ಒಂದರ ಮೇಲೊಂದು ಇಟ್ಟು ಅರಮನೆ ಕಂಬದ ಥರ ನಿಲ್ಲಿಸಿದ್ದಾರೆ. ಚಪ್ಪಟೆ ಮಾಡಿದ ತಗಡಿನಿಂದ ಒಂದು ಕೋಣೆ. ಬಗ್ಗಿ ಒಳಗೆ ಹೋಗಬೇಕು. ಒಳಗೆ ಕತ್ತಲು. ಚಾವಣಿಯಲ್ಲಿ ತೂತುಗಳು, ಅವುಗಳಿಂದ ನಕ್ಷತ್ರಗಳ ಹಾಗೆ ಬೆಳಕು.

ಫೋನ್ ವಾಪಸ್ ಕೊಟ್ಟು ಎದ್ದು ಹೊರಗೆ ಹೋದೆ.

ಇನ್ನೊಂದು ಅದಕ್ಕಿಂತ ಮಜಾ. ಡ್ರಮ್ಮಿನ ತುಕ್ಕು ತಗಡು, ಹಳದಿ, ನೀಲಿ ಟಾರ್ಪಾಲುಗಳನ್ನ ಚೌಕ ಚೌಕವಾಗಿ ಜೋಡಿಸಿದ್ದು. ದೂರದಿಂದ ನೋಡಿದರೆ ನಮ್ಮ ಕ್ವಿಜ್‌ನ ಮೊದಲ ಪ್ರಶ್ನೆಯ ಚಿತ್ರ ಇದ್ದಹಾಗೆ. ಮೊಂಡ್ರಿಯನ್ ಅಂತ ಒತ್ತಿ ತಪ್ಪಾಗಬಹುದಿತ್ತು. ಇದರ ಹೆಸರು ಇಂಗ್ಲಿಷಿನಲ್ಲಿಲ್ಲ. ‘ಕಾಗೆಬಂಗಾರ’. ನಮ್ಮ ಹೊಲದ ಬದುವಿನಲ್ಲಿ ಸಿಗುವ, ಚಿಕ್ಕವರಿದ್ದಾಗ ಬಂಗಾರ ಅಂತ ಜೇಬಿಗೆ ತುಂಬಿಕೊಳ್ತಿದ್ವಲ್ಲ, ಆ ಅಭ್ರಕ. ಪರದೇಶದ ಗ್ಯಾಲರಿಯಲ್ಲಿ ಕೈಯಲ್ಲಿ ವೈನ್ ಗ್ಲಾಸ್ ಹಿಡಿದು ನಿಂತವರಿಗೆ ಆ ಹೆಸರನ್ನ ಯಾರಾದರೂ ಬಿಡಿಸಿ ಹೇಳಬೇಕು. ನಮ್ಮ ಕಾಲೋನಿಯಲ್ಲಿ ಯಾರನ್ನ ಎಬ್ಬಿಸಿ ಕೇಳಿದರೂ ಹೇಳ್ತಾರೆ. ಆ ಕ್ವಿಜ್‌ನಲ್ಲಿ ‘ಇದು ಯಾವುದರಿಂದ ಮಾಡಿದ್ದು, ಇದನ್ನ ಚಪ್ಪಟೆ ಮಾಡೋಕೆ ಎಷ್ಟು ಹೊತ್ತು ಬೇಕು, ಮಾಡುವಾಗ ಕೈ ಎಲ್ಲಿ ಕುಯ್ದುಕೊಳ್ಳುತ್ತೆ’ ಅಂತ ಒಂದು ಪ್ರಶ್ನೆ ಇದ್ದಿದ್ದರೆ ನಮ್ಮಮ್ಮನಿಗೆ ಹತ್ತಕ್ಕೆ ಹತ್ತು.

ಹಾಗಂತ ‘ನಮ್ಮ ಅಜ್ಜಿಯರೆಲ್ಲ ಅಮೂರ್ತ ಕಲಾವಿದರು’ ಅಂತ ಜೈಕಾರ ಹಾಕೋ ಚಟ ನನಗಿಲ್ಲ. ತಗಡಿನ ಗುಡಿಸಲಲ್ಲಿ ಇದ್ದವರಿಗೆ ಅದು ಕಲೆಯಾಗಿರಲಿಲ್ಲ, ಬೇರೆ ಗತಿ ಇರಲಿಲ್ಲ. ಮ್ಯೂಸಿಯಂಗಳನ್ನ ಕೇಳಬೇಕಾದ ಒಂದು ಪ್ರಶ್ನೆಯೂ ನನ್ನ ಹತ್ತಿರ ಇದೆ. ವಸ್ತುವಿನ ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು, ವರ್ಷ, ‘ಡಾಂಬರು ಡ್ರಮ್, ಕೂದಲು, ಉಕ್ಕು’ ಅಂತ ಬರೀತಾರೆ. ಆ ಡ್ರಮ್ಮಿನಲ್ಲಿ ಬದುಕಿದವರು, ಆ ಮುಡಿ ಬೋಳಿಸಿದವರು ಚೀಟಿಯಲ್ಲಿ ಬರಲ್ಲ. ಘಾನಾ ದೇಶದ ಇಬ್ರಾಹಿಂ ಮಹಾಮಾ ಅನ್ನೋ ಯುವಕ ಮಾರುಕಟ್ಟೆಯ ಹಳೇ ಗೋಣಿಚೀಲಗಳನ್ನ ಹೊಲಿಸಿ 2017ರಲ್ಲಿ ಜರ್ಮನಿಯ ಕಾಸೆಲ್ ಊರಿನಲ್ಲಿ ಕಟ್ಟಡಗಳಿಗೇ ಹೊದಿಸಿದ. ಆ ಚೀಲಗಳ ಮೇಲೆ ವ್ಯಾಪಾರಿಗಳ ಗುರುತು, ಹೊತ್ತವರ ಬೆವರು, ಹರಿದದ್ದಕ್ಕೆ ಹಾಕಿದ ತೇಪೆ ಎಲ್ಲ ಹಾಗೇ ಇವೆ. ಯಶವಂತಪುರ ಯಾರ್ಡಿನ ಹಮಾಲಿ ಗೆಳೆಯರಿಗೆ ಆ ಫೋಟೋ ಕಳಿಸಿದ್ದೆ. "ಇಷ್ಟು ಚೀಲ ಒಬ್ಬನೇ ಹೊಲಿದಿರಲಿಕ್ಕೆ ಸಾಧ್ಯ ಇಲ್ಲ, ಎಷ್ಟು ಜನ, ಕೂಲಿ ಎಷ್ಟು ಕೊಟ್ನಂತೆ?" ಅಂತ ಮರುಪ್ರಶ್ನೆ ಬಂತು. ನಾನು ಓದಿದ ಕಲಾವಿಮರ್ಶೆಯಲ್ಲೆಲ್ಲ ಇದಕ್ಕಿಂತ ಒಳ್ಳೇ ಪ್ರಶ್ನೆ ಸಿಕ್ಕಿಲ್ಲ.

ಮತ್ತೆ ಆ ನೀಲಿ ಹಾಳೆಗೆ ಬರ್ತೀನಿ. 1915ರಲ್ಲಿ ರಷ್ಯಾದ ಮಾಲೆವಿಚ್ ಬಿಳಿ ಕ್ಯಾನ್ವಾಸಿನ ಮೇಲೆ ಒಂದು ಕಪ್ಪು ಚೌಕ ಬಳಿದ, ಅಷ್ಟೇ. ಅದನ್ನ ಪ್ರದರ್ಶನದಲ್ಲಿ ಎಲ್ಲಿ ಹಾಕಿದ ಗೊತ್ತಾ? ಗೋಡೆಗಳು ಸೇರುವ ಮೂಲೆಯಲ್ಲಿ, ಮೇಲ್ಗಡೆ. ರಷ್ಯಾದ ಮನೆಗಳಲ್ಲಿ ಅದು ದೇವರ ಪಟ ಇಡೋ ಜಾಗ. ದೇವರು ಇರಬೇಕಾದ ಕಡೆ ಮುಖವೇ ಇಲ್ಲದ ಒಂದು ಚೌಕ. ನೋಡಿದವರಿಗೆ ಸಿಟ್ಟು ಬಂತು. ನಮ್ಮ ಊರ ಹೊರಗಿನ ಮಾರಮ್ಮನಿಗೂ ಮೂಗು ಬಾಯಿ ಇಲ್ಲ, ಕೆತ್ತದ ಒಂದು ಕಲ್ಲು, ಅರಿಶಿನ ಕುಂಕುಮ ಅಷ್ಟೇ. ‘ಇದ್ರಲ್ಲಿ ಅಮ್ಮ ಎಲ್ಲವ್ಳೆ’ ಅಂತ ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಫ್ರಾನ್ಸಿನ ಈವ್ ಕ್ಲೈನ್ ಬರೀ ನೀಲಿ ಬಳಿದ ಕ್ಯಾನ್ವಾಸುಗಳಿಂದಲೇ ಹೆಸರು ಮಾಡಿದ, ಆ ನೀಲಿಗೆ ತನ್ನ ಹೆಸರನ್ನೇ ಇಟ್ಟುಕೊಂಡ. ಅದಕ್ಕೂ ಮುಂಚೆಯೇ, 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟ ನೀಲಿ. ಮೆರವಣಿಗೆಯಲ್ಲಿ ಎರಡು ಕಿಲೋಮೀಟರ್ ದೂರದಲ್ಲಿ ಆ ಬಣ್ಣ ಕಂಡರೆ ಸಾಕು, ‘ನಮ್ಮೋರು ಬಂದ್ರು’ ಅಂತೀವಿ. ಮುಖ ನೋಡಿ ಅನ್ನಲ್ಲ, ಬಣ್ಣ ನೋಡಿ ಅಂತೀವಿ. ಇಷ್ಟು ಗೊತ್ತಿದ್ದೂ ಒಬ್ಬ ಹುಡುಗಿ ತಂದ ನೀಲಿ ಹಾಳೆಯ ಮುಂದೆ ಅವತ್ತು ಮಂಕಾಗಿ ನಿಂತೆ.

ಅವಳು ಆಮೇಲೆ ಒಂದು ಕಲಾ ಕಾಲೇಜಿಗೆ ಸಂದರ್ಶನಕ್ಕೆ ಹೋದಾಗ ಅಲ್ಲಿ ಕೇಳಿದರಂತೆ: "ನಿಮ್ಮ ಸಮುದಾಯದ ನೋವನ್ನ ಯಾಕೆ ಬರೆದಿಲ್ಲ? ಇವೆಲ್ಲ ಬರೀ ಬಣ್ಣ ಇದೆಯಲ್ಲ?" ಸೀಟು ಸಿಗಲಿಲ್ಲ. ಸಿಗದೇ ಇರೋಕೆ ಕಾರಣ ಅದೇನಾ ಅಂತ ನಾನು ಹೇಳಲಾರೆ. ಆದ್ರೆ ಅಲ್ಲಿಯವರು ಕೇಳಿದ್ದಕ್ಕೂ ನಾವು ಕೇಳಿದ್ದಕ್ಕೂ ಏನು ವ್ಯತ್ಯಾಸ ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲ್ಜಾತಿಯ ಹುಡುಗ ಬರೀ ನೀಲಿ ಬಳಿದರೆ ಅದು ಧ್ಯಾನ, ಶೂನ್ಯ, ಅನಂತ. ನಮ್ಮ ಹುಡುಗಿ ಬಳಿದರೆ ‘ನೋವು ಎಲ್ಲಿ’, ‘ಬಾಬಾಸಾಹೇಬರು ಎಲ್ಲಿ’.

ಈ ಭಾನುವಾರ ಹೆಬ್ಬಾಳದಿಂದ ಒಂದು ಹತ್ತು ಜನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗ್ತಿದೀವಿ. 2009ರಿಂದ ಅಲ್ಲೇ ಇದೆ, ಮೇಖ್ರಿ ಸರ್ಕಲ್ ದಾಟಿದರೆ ಬಸ್ಸಿನಲ್ಲಿ ಸ್ವಲ್ಪ ದೂರ, ಇಷ್ಟು ವರ್ಷ ಪ್ರತಿಭಟನೆಗೆ ಅಂತ ಆ ಕಡೆಯೇ ಓಡಾಡಿದ್ದೀವಿ, ಒಳಗೆ ಕಾಲಿಟ್ಟಿಲ್ಲ. ಬರೋರು ಬೆಳಗ್ಗೆ ಹತ್ತಕ್ಕೆ ಹೆಬ್ಬಾಳ ಬಸ್ ಸ್ಟಾಪಿನಲ್ಲಿ ಸಿಗಿ. ಹೆಸರು ಗೊತ್ತಿರಬೇಕು ಅಂತೇನಿಲ್ಲ.

ಮಾರ್ಚ್ 20ರ ಮಹಾಡ್ ದಿನಕ್ಕೆ ಈ ಸಲ ಅವಳ ಹಾಳೆಯನ್ನೇ ಪೋಸ್ಟರ್ ಮಾಡೋದು ಅಂತ ಸಮಿತಿಯಲ್ಲಿ ಜಗಳ ಮಾಡಿ ಒಪ್ಪಿಸಿದ್ದೀನಿ. ಮುಖಂಡರ ಫೋಟೋ ಇಲ್ಲ, ಅದಕ್ಕೆ ಇಬ್ಬರು ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ. ನಿನ್ನೆ ಆರ್.ಟಿ. ನಗರದ ಪ್ರಿಂಟಿಂಗ್ ಹುಡುಗ ಫೋನ್ ಮಾಡಿದ್ದ. "ಅಣ್ಣ, ನೀವು ಕಳಿಸಿದ ಫೈಲ್ ಸರಿಯಾಗಿ ಓಪನ್ ಆಗ್ತಿಲ್ಲ, ಬರೀ ನೀಲಿ ಬರ್ತೈತೆ."

"ಅದೇ ಕಣೋ. ಐನೂರು ಕಾಪಿ ಹಾಕು" ಅಂದೆ.

ಜೈ ಭೀಮ್.